ಮೂರು ಮುಕ್ಕಾಲು ಗಂಟೆಯ ದಾರಿ

2019ರ ಒಂದು ಮಂಗಳವಾರ ಬೆಳಗಿನ ಜಾವ ಐದು ಗಂಟೆಗೆ ನಮ್ಮ ಭಾವ ತೀರಿಕೊಂಡರು. ಅಕ್ಕನ ಮನೆ ಇರುವುದು ಧರ್ಮಪುರಿಯಿಂದ ಹನ್ನೆರಡು ಕಿಲೋಮೀಟರ್ ಒಳಗಿನ ಒಂದು ಹಳ್ಳಿಯಲ್ಲಿ. ಒಬ್ಬನೇ ಮಗ, ದುಬೈನಲ್ಲಿ ಎ.ಸಿ. ಮೆಕ್ಯಾನಿಕ್. ಸುದ್ದಿ ತಿಳಿದ ಕೂಡಲೇ ಅವನಿಗೆ ಫೋನು ಮಾಡಿದ್ದೂ ನಾನೇ, ಅವನು ಎಷ್ಟು ಹೊತ್ತಿಗೆ ಬರಬಹುದೆಂದು ಲೆಕ್ಕ ಹಾಕಿ ಎಲ್ಲರಿಗೂ ಹೇಳಿದ್ದೂ ನಾನೇ. ಆ ಲೆಕ್ಕ ಎಷ್ಟು ತಪ್ಪಾಗಿತ್ತು ಎಂಬುದರಿಂದಲೇ ಈ ಲೇಖನ ಆರಂಭವಾಗಬೇಕು.

ಅವನು ಹೇಳಿದ್ದು ಇಷ್ಟು: "ಮಾವ, ಹತ್ತು ಗಂಟೆ ಫ್ಲೈಟಿಗೆ ಟಿಕೆಟ್ ಸಿಕ್ತು." ನಾನು ಮೊಬೈಲಿನಲ್ಲಿ ದುಬೈಯಿಂದ ಬೆಂಗಳೂರಿಗೆ ಎಷ್ಟು ಹೊತ್ತು ಎಂದು ನೋಡಿದೆ. 3 ಗಂಟೆ 45 ನಿಮಿಷ ಎಂದು ತೋರಿಸಿತು. ಹತ್ತಕ್ಕೆ ಮೂರು ಮುಕ್ಕಾಲು ಸೇರಿಸಿದರೆ ಒಂದು ಮುಕ್ಕಾಲು. ಅಲ್ಲಿಂದ ಹೈವೇಯಲ್ಲಿ ಕಾರು ಓಡಿಸಿದರೆ ಎರಡು, ಹೆಚ್ಚೆಂದರೆ ಎರಡೂವರೆ ಗಂಟೆ. ಸಂಜೆ ನಾಲ್ಕೂವರೆಗೆ ಮಣ್ಣು ಮಾಡಬಹುದು ಎಂದು ಅಕ್ಕನ ಮೈದುನನಿಗೆ ಹೇಳಿದೆ. ಅವರು ಸ್ವಾಮಿಯವರಿಗೆ ತಿಳಿಸಿದರು. ಸ್ವಾಮಿಯವರು ಬೇರೊಂದು ಊರಿನ ಸಂಜೆ ಪೂಜೆಯ ಹೊತ್ತನ್ನು ಬದಲಾಯಿಸಿಕೊಂಡು ಒಪ್ಪಿದರು. ಸುತ್ತಮುತ್ತಲ ಊರುಗಳಿಗೆ ಫೋನುಗಳು ಹೋದವು. ಗುಂಡಿ ತೋಡುವವರಿಗೂ ಹೇಳಿಯಾಯಿತು.

ನಾಲ್ಕೂವರೆ ಗಂಟೆಗೆ ನಮ್ಮ ಹುಡುಗ ಎಲ್ಲಿದ್ದ ಗೊತ್ತೇ? ದೇವನಹಳ್ಳಿಯ ವಿಮಾನ ನಿಲ್ದಾಣದ ಹೊರಗೆ, ಟ್ಯಾಕ್ಸಿಯ ಸರದಿಯಲ್ಲಿ.

ಮನೆಯ ಮುಂದಿನ ಶಾಮಿಯಾನದಡಿ ಇನ್ನೂರು ಜನ ಕುಳಿತಿದ್ದರು. ಹೊಗೇನಕಲ್ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬಂದ ಮುದುಕಿಯರು ಕೊನೆ ಬಸ್ಸಿನ ಚಿಂತೆ ಮಾಡುತ್ತಿದ್ದರು. ಅಕ್ಕ ಎರಡು ಗಂಟೆಯಿಂದಲೂ ಗೇಟಿನ ಬಳಿ ನಿಂತವಳು ಒಳಗೆ ಬರಲೊಲ್ಲಳು. ಹತ್ತು ನಿಮಿಷಕ್ಕೊಮ್ಮೆ "ಎಲ್ಲಿಗೆ ಬಂದವ್ನೆ ಕೇಳೋ" ಎನ್ನುತ್ತಿದ್ದಳು. ಕಡೆಗೆ ಸ್ವಾಮಿಯವರೇ ಬಂದು, ಮಗ ಮುಖ ನೋಡದೆ ಮಣ್ಣು ಮಾಡುವುದು ಬೇಡ, ನಾಳೆ ಬೆಳಗ್ಗೆ ಇಟ್ಟುಕೊಳ್ಳೋಣ ಎಂದರು. ಧರ್ಮಪುರಿಯಿಂದ ಫ್ರೀಜರ್ ಬಾಕ್ಸ್ ತರಿಸಿದೆವು. ಹುಡುಗ ಮನೆ ತಲುಪಿದಾಗ ರಾತ್ರಿ ಒಂಬತ್ತೂ ಕಾಲು.

ಗಂಟೆಗಳು ಹೋದದ್ದೆಲ್ಲಿ?

ಆಮೇಲೆ ಕುಳಿತು ಅವನನ್ನೇ ಕೇಳಿ ಒಂದೊಂದಾಗಿ ಬರೆದುಕೊಂಡೆ. ಮೊದಲ ತಪ್ಪು ನನ್ನದೇ. ಅವನು ಹೇಳಿದ ಹತ್ತು ಗಂಟೆ ದುಬೈಯ ಹತ್ತು ಗಂಟೆ. ನಮ್ಮ ಗಡಿಯಾರ ಅವರಿಗಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿ ಹತ್ತಾದರೆ ಇಲ್ಲಿ ಹನ್ನೊಂದೂವರೆ. ಟಿಕೆಟ್ಟಿನಲ್ಲಿ ಹೊರಡುವ ಹೊತ್ತನ್ನು ಹೊರಡುವ ಊರಿನ ಗಡಿಯಾರದಲ್ಲೂ, ತಲುಪುವ ಹೊತ್ತನ್ನು ತಲುಪುವ ಊರಿನ ಗಡಿಯಾರದಲ್ಲೂ ಅಚ್ಚು ಹಾಕುತ್ತಾರೆ. ಇದು ಪ್ರಪಂಚದಲ್ಲೆಲ್ಲಾ ಇರುವ ಪದ್ಧತಿ. ವಿಮಾನ ಇಳಿದದ್ದು ಮೂರೂಕಾಲಕ್ಕೆ, ಸರಿಯಾದ ಹೊತ್ತಿಗೇ.

ಇನ್ನು ಉಳಿದದ್ದನ್ನು ನೋಡಿ. ಅವನು ತನ್ನ ರೂಮು ಬಿಟ್ಟದ್ದು ನಮ್ಮ ಏಳೂ ಮುಕ್ಕಾಲು ಗಂಟೆಗೆ, ಯಾಕೆಂದರೆ ಅಂತರರಾಷ್ಟ್ರೀಯ ವಿಮಾನಕ್ಕೆ ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಬೇಕು. ದೇವನಹಳ್ಳಿಯಲ್ಲಿ ಇಮಿಗ್ರೇಷನ್ ಸಾಲು, ಪೆಟ್ಟಿಗೆ ಬರುವ ತನಕ ಕಾಯುವುದು, ಟ್ಯಾಕ್ಸಿ ಸರದಿ ಸೇರಿ ಒಂದೂವರೆ ಗಂಟೆ. ಹೊರಟದ್ದು ಸಂಜೆಯ ಟ್ರಾಫಿಕ್ ಏರುವ ಹೊತ್ತು. ಸಿಲ್ಕ್ ಬೋರ್ಡ್ ದಾಟಿ ಹೊಸೂರು ಸೇರುವುದರೊಳಗೆ ಏಳೂಕಾಲು. ಅಲ್ಲಿಂದ ಮುಂದೆ ರಸ್ತೆ ಚೆನ್ನಾಗಿದೆ. ಕೃಷ್ಣಗಿರಿ ಟೋಲ್, ಧರ್ಮಪುರಿ, ಆಮೇಲೆ ನಮ್ಮೂರಿನ ಕಿರಿದಾದ ರಸ್ತೆ. ಒಟ್ಟು ಕೂಡಿಸಿದರೆ ಹದಿಮೂರೂವರೆ ಗಂಟೆ. ಅದರಲ್ಲಿ ವಿಮಾನದ್ದು ಮೂರು ಮುಕ್ಕಾಲು ಮಾತ್ರ.

ದುಬೈ ಮತ್ತು ಬೆಂಗಳೂರಿನ ನಡುವೆ ಆಕಾಶಮಾರ್ಗದಲ್ಲಿ ಸುಮಾರು 2,700 ಕಿಲೋಮೀಟರ್. ದೇವನಹಳ್ಳಿಯಿಂದ ಧರ್ಮಪುರಿಗೆ ರಸ್ತೆಯಲ್ಲಿ ಸುಮಾರು 170. ಮೊದಲನೆಯದಕ್ಕೆ ಮೂರು ಮುಕ್ಕಾಲು ಗಂಟೆ, ಎರಡನೆಯದಕ್ಕೆ ಆ ದಿನ ನಾಲ್ಕು ಗಂಟೆ. ಹದಿನೈದರಲ್ಲಿ ಒಂದು ಭಾಗದಷ್ಟೂ ಇಲ್ಲದ ದೂರ ಹೆಚ್ಚು ಹೊತ್ತು ತಿಂದಿತು.

ಆಕಾಶದ ದೂರ ಅಂದರೆ ಏನು?

ಮೊಬೈಲು ತೋರಿಸುವ ವಿಮಾನದ ದೂರ ಎನ್ನುವುದು ಯಾರೂ ಹಗ್ಗ ಹಿಡಿದು ಅಳೆದದ್ದಲ್ಲ. ಎರಡು ಊರುಗಳ ಅಕ್ಷಾಂಶ, ರೇಖಾಂಶ ಗೊತ್ತಿದ್ದರೆ, ಭೂಗೋಳದ ಮೇಲೆ ಅವೆರಡರ ನಡುವಿನ ಅತಿ ಹತ್ತಿರದ ಗೆರೆಯನ್ನು ಲೆಕ್ಕದಿಂದ ಕಂಡುಹಿಡಿಯಬಹುದು. ಮನೆಯಲ್ಲಿ ಗ್ಲೋಬ್ ಇದ್ದರೆ ಎರಡು ಊರಿನ ಮೇಲೆ ದಾರ ಬಿಗಿಯಾಗಿ ಎಳೆದು ಹಿಡಿಯಿರಿ. ದಾರ ಹೋದ ಹಾದಿಯೇ ಅದು.

ಹೈಸ್ಕೂಲು ಓದುವ ಮಕ್ಕಳು ಮನೆಯಲ್ಲಿದ್ದರೆ ಈ ಲೆಕ್ಕ ಮಾಡಿಸಿ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣ ಇರುವುದು ಉತ್ತರ ಅಕ್ಷಾಂಶ 13.20, ಪೂರ್ವ ರೇಖಾಂಶ 77.71 ಡಿಗ್ರಿಯಲ್ಲಿ. ಸೇಲಂ ವಿಮಾನ ನಿಲ್ದಾಣ 11.78 ಮತ್ತು 78.07ರಲ್ಲಿ. ಅಕ್ಷಾಂಶದ ವ್ಯತ್ಯಾಸ 1.42. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್, ಅಂದರೆ ತೆಂಕಣಕ್ಕೆ 158. ರೇಖಾಂಶದ ವ್ಯತ್ಯಾಸ 0.36. ನಮ್ಮ ಭಾಗದಲ್ಲಿ ಒಂದು ಡಿಗ್ರಿ ರೇಖಾಂಶಕ್ಕೆ ಸುಮಾರು 108 ಕಿಲೋಮೀಟರ್, ಅಂದರೆ ಮೂಡಣಕ್ಕೆ 39. ಲಂಬಕೋನ ತ್ರಿಭುಜದ ಎರಡು ಬಾಹು ಸಿಕ್ಕ ಮೇಲೆ ಕರ್ಣ ಕಂಡುಹಿಡಿಯುವುದು ಪೈಥಾಗೊರಸನ ಕೆಲಸ. ಉತ್ತರ 162ರ ಆಸುಪಾಸು ಬರುತ್ತದೆ. ಭೂಮಿಯ ಆಕಾರವನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿಯುವ ಕಂಪ್ಯೂಟರು ಒಂದು ಕಿಲೋಮೀಟರ್ ಕಡಿಮೆ ಹೇಳುತ್ತದೆ, ಅಷ್ಟೇ. ದುಬೈಯಂಥ ದೂರದ ಊರಿಗೆ ಮಾತ್ರ ಈ ಸುಲಭ ಲೆಕ್ಕ ನಡೆಯದು, ಭೂಮಿ ಬಾಗಿರುವುದು ಅಲ್ಲಿ ಅಡ್ಡ ಬರುತ್ತದೆ.

ಹೀಗೆ ನೇರ ಗೆರೆಯ ದೂರವನ್ನು ತ್ರಿಭುಜಗಳಿಂದ ಅಳೆಯುವ ದೊಡ್ಡ ಕೆಲಸ ನಡೆದದ್ದು ನಮ್ಮ ಸೀಮೆಯಲ್ಲೇ ಎಂಬುದು ಅನೇಕರಿಗೆ ತಿಳಿಯದು. ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಉಕ್ಕಿನ ಸರಪಳಿ ಹಾಸಿ ಏಳೂವರೆ ಮೈಲಿ ಉದ್ದದ ಒಂದು ಗೆರೆ ಅಳೆದ. ಆ ಒಂದು ಗೆರೆಯಿಂದ ತ್ರಿಭುಜದ ಮೇಲೆ ತ್ರಿಭುಜ ಕಟ್ಟುತ್ತಾ, ಬೆಟ್ಟದ ನೆತ್ತಿಯಿಂದ ಇನ್ನೊಂದು ಬೆಟ್ಟದ ನೆತ್ತಿಗೆ ದುರ್ಬೀನು ಹಿಡಿದು, ಇಡೀ ದೇಶದ ಅಳತೆ ಬೆಳೆಯಿತು. ಅದರ ಬೆನ್ನೆಲುಬಾದ ಉದ್ದ ಸಾಲು 78ನೇ ರೇಖಾಂಶದ ಗುಂಟ ಕನ್ಯಾಕುಮಾರಿ ಕಡೆಯಿಂದ ಹಿಮಾಲಯದವರೆಗೆ ಹೋಯಿತು. ಸೇಲಂ, ಧರ್ಮಪುರಿ ಎರಡೂ ಆ 78ನೇ ಗೆರೆಗೆ ಒತ್ತಿಕೊಂಡೇ ಇವೆ. ಲ್ಯಾಂಬ್ಟನ್ನನಿಗೂ ಬೆಟ್ಟದಿಂದ ಬೆಟ್ಟಕ್ಕೆ ಎಷ್ಟು ದೂರ ಎಂಬ ಲೆಕ್ಕ ಸಿಕ್ಕಿತೇ ಹೊರತು, ಇಳಿದು ಹತ್ತುವ ಕಷ್ಟ ಕೂಲಿಗಳದಾಗಿತ್ತು.

ಇಪ್ಪತ್ತು ನಿಮಿಷ ಯಾಕೆ ಒಂದು ಗಂಟೆಯಾಗುತ್ತದೆ?

ಸೇಲಂ ವಿಮಾನ ನಿಲ್ದಾಣ ಓಮಲೂರಿನ ಹತ್ತಿರ ಕಮಲಾಪುರದಲ್ಲಿದೆ. ಅದರ ಕಥೆ ಒಂದು ರೀತಿಯಲ್ಲಿ ನಮ್ಮ ಹಳ್ಳಿಯ ಬಸ್ಸಿನ ಕಥೆಯಂತೆ. 1993ರಲ್ಲಿ ಶುರುವಾಯಿತು, ಸ್ವಲ್ಪ ಕಾಲ ನಡೆದು ಪ್ರಯಾಣಿಕರಿಲ್ಲದೆ ನಿಂತಿತು. 2009ರ ನವೆಂಬರ್‌ನಲ್ಲಿ ಕಿಂಗ್‌ಫಿಷರ್ ಕಂಪನಿಯವರು ಚೆನ್ನೈಗೆ ವಿಮಾನ ಹಾಕಿದರು, ಅದೂ ನಿಂತಿತು. 2012ರಲ್ಲಿ ಆ ಕಂಪನಿಯೇ ಹಾರುವುದನ್ನು ನಿಲ್ಲಿಸಿತು. ಚಿಕ್ಕ ಊರುಗಳಿಗೂ ವಿಮಾನ ಬರಲೆಂದು ಕೇಂದ್ರ ಸರ್ಕಾರ ತಂದ ಉಡಾನ್ ಯೋಜನೆಯಲ್ಲಿ 2018ರ ಮಾರ್ಚ್‌ನಿಂದ ಟ್ರೂಜೆಟ್ ಚೆನ್ನೈಗೆ ಹಾರಿತು. 2021ರಲ್ಲಿ ಅದೂ ನಿಂತಿತು. 2023ರ ಅಕ್ಟೋಬರ್‌ನಲ್ಲಿ ಅಲಯನ್ಸ್ ಏರ್ ಮತ್ತು ಇಂಡಿಗೊ ಬಂದವು. ಆಗ ಮೊದಲ ಸಲ ಬೆಂಗಳೂರು, ಕೊಚ್ಚಿ, ಹೈದರಾಬಾದ್‌ಗಳಿಗೂ ಸೇಲಂನಿಂದ ವಿಮಾನ ಸಿಕ್ಕಿತು.

ಬೆಂಗಳೂರು–ಸೇಲಂ ನಡುವೆ ಓಡಿಸಲು ಹಾಕಿದ್ದು ಎ.ಟಿ.ಆರ್. ಎಂಬ ಪ್ರೊಪೆಲ್ಲರ್ ವಿಮಾನ. ಎಪ್ಪತ್ತು ಚಿಲ್ಲರೆ ಸೀಟು. ಸೇಲಂನ ರನ್‌ವೇ 1,800 ಮೀಟರಿನಷ್ಟೇ ಉದ್ದ ಇರುವುದರಿಂದ ದೊಡ್ಡ ಜೆಟ್ ವಿಮಾನಗಳಿಗೆ ಅದು ಸಾಲದು. ಎ.ಟಿ.ಆರ್. ಮೇಲೇರಿದ ಮೇಲೆ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತದೆ. ಹಾಗಾದರೆ 161 ಕಿಲೋಮೀಟರಿಗೆ ಇಪ್ಪತ್ತು ನಿಮಿಷ ಸಾಕಲ್ಲವೇ? ಆದರೆ ವೇಳಾಪಟ್ಟಿಯಲ್ಲಿ ಸುಮಾರು ಒಂದು ಗಂಟೆ ಎಂದೇ ಇರುತ್ತದೆ.

ಕಾರಣ ಸರಳ. ವಿಮಾನದವರ ಭಾಷೆಯಲ್ಲಿ ಪ್ರಯಾಣದ ಹೊತ್ತು ಎಂದರೆ ಹಾರುವ ಹೊತ್ತಲ್ಲ. ನಿಂತ ಜಾಗದಲ್ಲಿ ಚಕ್ರಕ್ಕೆ ಕೊಟ್ಟ ಅಡೆ ತೆಗೆದಾಗಿನಿಂದ, ಇನ್ನೊಂದು ನಿಲ್ದಾಣದಲ್ಲಿ ಮತ್ತೆ ಅಡೆ ಕೊಡುವವರೆಗಿನ ಹೊತ್ತು. ಎತ್ತಿನ ಗಾಡಿಗೆ ಕಲ್ಲು ಕೊಡುತ್ತೇವಲ್ಲ, ಹಾಗೆ. ದೇವನಹಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ನಿಂತ ಜಾಗದಿಂದ ರನ್‌ವೇ ತುದಿಗೆ ಉರುಳಿಕೊಂಡು ಹೋಗುವುದಕ್ಕೇ ಹತ್ತು ಹದಿನೈದು ನಿಮಿಷ ಬೇಕು. ಮುಂದೆ ನಿಂತ ವಿಮಾನಗಳ ಸರದಿ ಬೇರೆ. ಏರುವಾಗಲೂ ಇಳಿಯುವಾಗಲೂ ಪೂರ್ತಿ ವೇಗ ಇರುವುದಿಲ್ಲ. ಗಾಳಿಗೆದುರಾಗಿಯೇ ಇಳಿಯಬೇಕಾದ್ದರಿಂದ ಕೆಲವೊಮ್ಮೆ ರನ್‌ವೇಯ ಆಚೆ ತುದಿಗೆ ಸುತ್ತು ಹಾಕಿ ಬರಬೇಕು. ಇದೆಲ್ಲಾ ನೂರು ಮೈಲಿ ಹೋದರೂ ಸಾವಿರ ಮೈಲಿ ಹೋದರೂ ತಪ್ಪದ ಖರ್ಚು. ಆದ್ದರಿಂದ ದೂರ ಕಡಿಮೆಯಾದಷ್ಟೂ ವಿಮಾನದ ಲಾಭ ಕರಗುತ್ತದೆ.

ಸೇಲಂ ಪಟ್ಟಣದ ಒಂದು ಮನೆಯಿಂದ ಬೆಂಗಳೂರಿನ ಒಂದು ಮನೆಗೆ ಲೆಕ್ಕ ಹಾಕಿ ನೋಡಿ. ಕಮಲಾಪುರಕ್ಕೆ ಅರ್ಧ ಗಂಟೆ. ಕೌಂಟರು ಹೊರಡುವುದಕ್ಕೆ ಮುಕ್ಕಾಲು ಅಥವಾ ಒಂದು ಗಂಟೆ ಮುಂಚೆಯೇ ಮುಚ್ಚುವುದರಿಂದ ಕನಿಷ್ಠ ಒಂದೂವರೆ ಗಂಟೆ ಮೊದಲು ಅಲ್ಲಿರಬೇಕು. ಪ್ರಯಾಣ ಒಂದು ಗಂಟೆ. ದೇವನಹಳ್ಳಿಯಿಂದ ಊರೊಳಗೆ ಬರಲು ಒಂದರಿಂದ ಒಂದೂವರೆ ಗಂಟೆ. ನಾಲ್ಕೂವರೆ ಆಯಿತು. ಸೇಲಂನಿಂದ ಬೆಂಗಳೂರಿಗೆ ರಸ್ತೆಯಲ್ಲಿ 200 ಕಿಲೋಮೀಟರ್. ಬಸ್ಸು ಸುಮಾರು ನಾಲ್ಕು ಗಂಟೆಗೆ ತಲುಪಿಸುತ್ತದೆ, ದಾರಿಯಲ್ಲಿ ಕಾಫಿಗೂ ನಿಲ್ಲಿಸುತ್ತದೆ. ಇದನ್ನು ಹೇಳಿದಾಗ ಸೇಲಂನ ಗೆಳೆಯರೊಬ್ಬರಿಗೆ ಬೇಸರವಾಯಿತು. ನಮ್ಮೂರಿಗೆ ವಿಮಾನ ಬಂದದ್ದು ನಿಮಗೆ ಹೊಟ್ಟೆಕಿಚ್ಚು ಎಂದು ಬೈದರು!

ಹಾಗಲ್ಲ. ಆ ವಿಮಾನದ ನಿಜವಾದ ಉಪಯೋಗ ಇರುವುದು ಬೆಂಗಳೂರಿಗೆ ಹೋಗುವವರಿಗಲ್ಲ, ಬೆಂಗಳೂರಿನ ಮೂಲಕ ಹೋಗುವವರಿಗೆ. ದೆಹಲಿಯಿಂದಲೋ ಕೊಲ್ಕತ್ತಾದಿಂದಲೋ ಬಂದವರು ನಿಲ್ದಾಣದಿಂದ ಹೊರಗೇ ಬಾರದೆ ಇನ್ನೊಂದು ವಿಮಾನ ಹತ್ತಿದರೆ, ಇಡೀ ಬೆಂಗಳೂರಿನ ಟ್ರಾಫಿಕ್ಕನ್ನು ಮೇಲಿನಿಂದಲೇ ದಾಟಿದಂತೆ. ಒಂದೇ ಟಿಕೆಟ್ಟಿನಲ್ಲಿ ಎರಡೂ ವಿಮಾನ ಇದ್ದರೆ ಪೆಟ್ಟಿಗೆಯ ಚಿಂತೆಯೂ ಕಡಿಮೆ. ಬೇರೆ ಬೇರೆ ಟಿಕೆಟ್ ತೆಗೆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ, ಇದು ನೆನಪಿರಲಿ. ಇಂಥ ಚಿಕ್ಕ ನಿಲ್ದಾಣಗಳಲ್ಲಿ ವಿಮಾನದ ದಿನ, ಹೊತ್ತು ಆಗಾಗ ಬದಲಾಗುತ್ತವೆ. ಹೊರಡುವ ವಾರದ ವೇಳಾಪಟ್ಟಿಯನ್ನು ನೋಡಿಯೇ ನಂಬಬೇಕು.

ನಮ್ಮ ಹುಡುಗನಿಗೆ ಅಂದು ಇಂಥ ವಿಮಾನ ಇದ್ದಿದ್ದರೆ? ವಿದೇಶದಿಂದ ಬಂದವನು ಇಮಿಗ್ರೇಷನ್, ಕಸ್ಟಮ್ಸ್ ಮುಗಿಸಿ, ಮತ್ತೆ ತಪಾಸಣೆಗೆ ನಿಂತು ಹತ್ತಲು ಎರಡೂವರೆ ಗಂಟೆಯಾದರೂ ಬೇಕು. ಆಮೇಲೆ ವಿಮಾನ ಒಂದು ಗಂಟೆ. ಕಮಲಾಪುರದಿಂದ ತೊಪ್ಪೂರು ಘಾಟಿ ಹತ್ತಿ ಧರ್ಮಪುರಿಗೆ ಒಂದು ಗಂಟೆ. ಎಲ್ಲಾ ಕೂಡಿ ಬಂದರೆ ಒಂದು ಗಂಟೆ ಉಳಿಯುತ್ತಿತ್ತೇನೋ. ಆ ದಿನದ ವಿಮಾನ ಬೆಳಗ್ಗೆಯೇ ಹೋಗಿಬಿಟ್ಟಿದ್ದರೆ ಅದೂ ಇಲ್ಲ.

ನೂರೈವತ್ತು ಕಿಲೋಮೀಟರಿನ ವೃತ್ತ

ಧರ್ಮಪುರಿ, ಕೃಷ್ಣಗಿರಿ ಕಡೆಯವರಿಗೆ ವಿಮಾನ ಮೊದಲು ಇಷ್ಟು ದೂರವಿರಲಿಲ್ಲ. 2008ರ ಮೇ 24ರ ತನಕ ಬೆಂಗಳೂರಿನ ವಿಮಾನಗಳು ಇಳಿಯುತ್ತಿದ್ದುದು ಹಳೆಯ ಎಚ್.ಎ.ಎಲ್. ನಿಲ್ದಾಣದಲ್ಲಿ. ಹೊಸೂರು ಕಡೆಯಿಂದ ಬಂದವರು ಊರಿನ ಈಚೆ ಬದಿಯಲ್ಲೇ ಇಳಿದು ಹತ್ತಬಹುದಿತ್ತು. ಆ ದಿನದಿಂದ ನಿಲ್ದಾಣ ದೇವನಹಳ್ಳಿಗೆ ಹೋಯಿತು, ಅಂದರೆ ಊರಿನ ಆಚೆ ಬದಿಗೆ. ಬೆಂಗಳೂರಿನ ಉತ್ತರ ಭಾಗದವರಿಗೆ ಅನುಕೂಲವಾಯಿತು. ನಮ್ಮ ಕಡೆಯವರಿಗೆ ಇಡೀ ನಗರವನ್ನು ತೆಂಕಣದಿಂದ ಬಡಗಣಕ್ಕೆ ಸೀಳಿಕೊಂಡು ಹೋಗುವ ಕೆಲಸ ಹೆಚ್ಚಾಯಿತು. ವಿಮಾನದ ಹಾರಾಟ ಒಂದು ನಿಮಿಷವೂ ಉದ್ದವಾಗಲಿಲ್ಲ, ಮನೆ ಮಾತ್ರ ಒಂದು ಗಂಟೆಗೂ ಮೀರಿ ದೂರವಾಯಿತು.

ಆ ಹೊಸ ನಿಲ್ದಾಣ ಕಟ್ಟುವಾಗ ಕೇಂದ್ರ ಸರ್ಕಾರ ಮತ್ತು ನಿಲ್ದಾಣದ ಕಂಪನಿಯ ನಡುವೆ 2004ರಲ್ಲಿ ಆದ ಒಪ್ಪಂದದಲ್ಲಿ ಒಂದು ಷರತ್ತು ಇದೆ. ನಿಲ್ದಾಣ ತೆರೆದ ದಿನದಿಂದ 25 ವರ್ಷ, ಅಂದರೆ 2033ರ ವರೆಗೆ, ಅದರಿಂದ 150 ಕಿಲೋಮೀಟರ್ ಆಕಾಶ ದೂರದೊಳಗೆ ಇನ್ನೊಂದು ವಿಮಾನ ನಿಲ್ದಾಣ ಪೈಪೋಟಿಗೆ ಬರುವಂತಿಲ್ಲ. ಮೈಸೂರು, ಹಾಸನಗಳಿಗೆ ಮಾತ್ರ ವಿನಾಯಿತಿ. ಇಷ್ಟು ದೊಡ್ಡ ಹಣ ಹೂಡಿದವರಿಗೆ ಭರವಸೆ ಬೇಕಿತ್ತು, ಅದಕ್ಕಾಗಿ ಈ ಷರತ್ತು.

ಈಗ ಮೇಲೆ ಹೇಳಿದ ಪೈಥಾಗೊರಸನ ಲೆಕ್ಕವನ್ನು ಮತ್ತೆ ತೆಗೆಯಿರಿ. ದೇವನಹಳ್ಳಿಯನ್ನು ನಡುವೆ ಇಟ್ಟು 150ರ ಕೈವಾರ ಎಳೆದರೆ ಹೊಸೂರು 53 ಕಿಲೋಮೀಟರಿನಲ್ಲಿ ಬೀಳುತ್ತದೆ, ಕೃಷ್ಣಗಿರಿ 93ರಲ್ಲಿ, ಧರ್ಮಪುರಿ ಸುಮಾರು 128ರಲ್ಲಿ. ಮೂರೂ ವೃತ್ತದ ಒಳಗೆ. ಸೇಲಂ ನಿಲ್ದಾಣ 161ರಲ್ಲಿ, ಹನ್ನೊಂದೇ ಕಿಲೋಮೀಟರಿನಲ್ಲಿ ಹೊರಗೆ! ಹೊಸೂರಿನ ಹತ್ತಿರ ಬೆಳಗೊಂಡಪಳ್ಳಿಯಲ್ಲಿ ಖಾಸಗಿ ಕಂಪನಿಯೊಂದರ ಒಳ್ಳೆಯ ರನ್‌ವೇ ಎಷ್ಟೋ ವರ್ಷಗಳಿಂದ ಇದೆ. ಉಡಾನ್ ಯೋಜನೆಯಲ್ಲಿ ಅದರ ಹೆಸರು ಬಂದರೂ ಪ್ರಯಾಣಿಕರ ವಿಮಾನ ಹಾರದೇ ಹೋದದ್ದಕ್ಕೆ ಈ ವೃತ್ತವೇ ದೊಡ್ಡ ತೊಡಕು.

2024ರ ಜೂನ್ 27ರಂದು ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಎಂ.ಕೆ. ಸ್ಟಾಲಿನ್ ಅವರು ವಿಧಾನಸಭೆಯಲ್ಲಿ, ಹೊಸೂರಿನಲ್ಲಿ 2,000 ಎಕರೆಯಲ್ಲಿ ವರ್ಷಕ್ಕೆ ಮೂರು ಕೋಟಿ ಪ್ರಯಾಣಿಕರಿಗಾಗುವ ವಿಮಾನ ನಿಲ್ದಾಣ ಕಟ್ಟುವುದಾಗಿ ಘೋಷಿಸಿದರು. ಘೋಷಣೆಯಿಂದ ರನ್‌ವೇಗೆ ಹೋಗುವ ದಾರಿ ಉದ್ದ. ಜಮೀನು ಬಿಡಬೇಕಾದ ರೈತರ ಮಾತೂ ಕೇಳಬೇಕು, ನಮಗೆ ದಾರಿ ಹತ್ತಿರವಾಗುತ್ತದೆಂದು ಅದನ್ನು ಮರೆಯುವಂತಿಲ್ಲ. ಆದರೂ ಅಕ್ಕನಂಥವರ ಮನೆಗಳಿಗೆ ಅದರಿಂದ ಆಗುವ ವ್ಯತ್ಯಾಸ ಸಣ್ಣದಲ್ಲ. ಹೊಸೂರಿನಲ್ಲಿ ಇಳಿದವನು ಎರಡು ಗಂಟೆಯಲ್ಲಿ ಧರ್ಮಪುರಿ ದಾಟಿರುತ್ತಾನೆ.

ಅಲ್ಲಿಯವರೆಗೆ

ಬೆಂಗಳೂರೊಂದೇ ಬಾಗಿಲಲ್ಲ ಎಂಬುದನ್ನು ನಮ್ಮವರು ಮರೆಯುತ್ತಾರೆ. ಸೇಲಂನಿಂದ ತಿರುಚ್ಚಿ ಸುಮಾರು 140 ಕಿಲೋಮೀಟರ್. ಅಲ್ಲಿಂದ ಸಿಂಗಾಪುರಕ್ಕೆ ನೇರ ವಿಮಾನಗಳಿವೆ. ಆಕಾಶ ದೂರ ಸುಮಾರು 2,980 ಕಿಲೋಮೀಟರ್. ಬೆಂಗಳೂರಿನಿಂದ ಸಿಂಗಾಪುರ 3,180. ಆಕಾಶದಲ್ಲಿ ಇನ್ನೂರು ಕಿಲೋಮೀಟರ್ ಅಂದರೆ ಹದಿನೈದು ನಿಮಿಷ, ಅದು ದೊಡ್ಡ ವಿಷಯವಲ್ಲ. ಆದರೆ ಸೇಲಂನವರಿಗೆ ನೆಲದ ಮೇಲೆ ಉಳಿಯುವ ನೂರು ಕಿಲೋಮೀಟರ್, ಅದರಲ್ಲೂ ಬೆಂಗಳೂರು ನಗರವನ್ನು ದಾಟದೇ ಉಳಿಯುವುದು ದೊಡ್ಡ ವಿಷಯ. ಕೊಲ್ಲಿ ದೇಶದಲ್ಲಿರುವವರಿಗೆ ಕೊಯಮತ್ತೂರು ಇದೆ. ದುಬೈಗೆ ಒತ್ತಿಕೊಂಡಿರುವ ಶಾರ್ಜಾದಿಂದ ಅಲ್ಲಿಗೆ ವರ್ಷಗಳಿಂದ ನೇರ ವಿಮಾನ ಬರುತ್ತಿದೆ. ಕೊಯಮತ್ತೂರಿನಿಂದ ಸೇಲಂಗೆ ಸುಮಾರು 155 ಕಿಲೋಮೀಟರ್ ಅಗಲ ರಸ್ತೆ. ಧರ್ಮಪುರಿಯವರಿಗೆ ಸುಮಾರು 220 ಆಗುತ್ತದೆ, ದೇವನಹಳ್ಳಿಗಿಂತ ಐವತ್ತು ಹೆಚ್ಚು. ಆದರೂ ಸಂಜೆ ಐದರಿಂದ ಎಂಟರೊಳಗೆ ಬೆಂಗಳೂರಿನಲ್ಲಿ ಇಳಿಯುವುದಕ್ಕಿಂತ ನಾನಾದರೆ ಕೊಯಮತ್ತೂರನ್ನೇ ಆರಿಸುತ್ತೇನೆ. ಬೆಳಗಿನ ಜಾವ ಮೂರಕ್ಕೋ ನಾಲ್ಕಕ್ಕೋ ಇಳಿಯುವುದಾದರೆ ಬೆಂಗಳೂರೇ ಸರಿ, ಆಗ ಸಿಲ್ಕ್ ಬೋರ್ಡಿನಲ್ಲೂ ಗಾಡಿ ನಿಲ್ಲುವುದಿಲ್ಲ.

ರಾತ್ರಿ ವಿಮಾನದ ಇನ್ನೊಂದು ಬಲೆ ಇದೆ, ನಮ್ಮ ಧರ್ಮಕೇಂದ್ರದಲ್ಲೇ ಇಬ್ಬರು ಅದರಲ್ಲಿ ಬಿದ್ದಿದ್ದಾರೆ. ಟಿಕೆಟ್ಟಿನಲ್ಲಿ 14ನೇ ತಾರೀಕು 00.30 ಎಂದಿದ್ದರೆ, ಮನೆ ಬಿಡಬೇಕಾದ್ದು 13ನೇ ತಾರೀಕು ಸಂಜೆ. ನಡುರಾತ್ರಿ ಹನ್ನೆರಡು ದಾಟಿದೊಡನೆ ತಾರೀಕು ಬದಲಾಗುತ್ತದೆ, ನಮ್ಮ ಮನಸ್ಸಿನಲ್ಲಿ ಮಾತ್ರ ಬೆಳಗಾಗುವ ತನಕ ಹಳೆಯ ದಿನವೇ ಇರುತ್ತದೆ. 14ರ ರಾತ್ರಿ ಮಾಲೆ, ಹಣ್ಣು ಹಿಡಿದುಕೊಂಡು ಬೀಳ್ಕೊಡಲು ಬಂದವರು, ವಿಮಾನ ಹಿಂದಿನ ರಾತ್ರಿಯೇ ಹೋಯಿತು ಎಂದು ತಿಳಿದು ಅತ್ತಿದ್ದನ್ನು ನಾನು ಕಂಡಿದ್ದೇನೆ.

ಮತ್ತೊಂದು ಸಂಗತಿ ಕೆಲವರನ್ನು ಗೊಂದಲಕ್ಕೆ ತಳ್ಳುತ್ತದೆ. ಬೆಂಗಳೂರಿನಿಂದ ದುಬೈಗೆ ಹೋಗುವಾಗ ಸುಮಾರು ನಾಲ್ಕು ಗಂಟೆ ಹಿಡಿಯುತ್ತದೆ, ಬರುವಾಗ ಅದಕ್ಕಿಂತ ಕಡಿಮೆ. ದೂರ ಅಷ್ಟೇ. ಮೇಲಿನ ಆಕಾಶದಲ್ಲಿ, ಮುಖ್ಯವಾಗಿ ಚಳಿಗಾಲದಲ್ಲಿ, ಗಾಳಿ ಪಡುವಣದಿಂದ ಮೂಡಣಕ್ಕೆ ಬಲವಾಗಿ ಬೀಸುತ್ತದೆ. ಮನೆ ಕಡೆಗೆ ಬರುವವನನ್ನು ಅದು ಬೆನ್ನ ಹಿಂದಿನಿಂದ ತಳ್ಳುತ್ತದೆ, ಹೋಗುವವನಿಗೆ ಎದುರಾಗಿ ನಿಲ್ಲುತ್ತದೆ. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಆಶ್ಚರ್ಯಪಡಲಿಲ್ಲ, ಹಾಗೇ ಇರಬೇಕಲ್ಲವಾ ಎಂದಳು.

ಭಾವನವರನ್ನು ಬುಧವಾರ ಬೆಳಗ್ಗೆ ಹತ್ತು ಗಂಟೆಗೆ ಮಣ್ಣು ಮಾಡಿದೆವು. ದೂರದಿಂದ ಬಂದಿದ್ದ ಮುದುಕಿಯರಲ್ಲಿ ಅರ್ಧ ಜನ ರಾತ್ರಿಯೆಲ್ಲಾ ಶಾಮಿಯಾನದಲ್ಲೇ ಜಪಸರ ಹೇಳುತ್ತಾ ಉಳಿದರು. ಉಳಿದವರು ಕೊನೆ ಬಸ್ಸು ಹಿಡಿದು ಹೋಗಿದ್ದರು, ಮತ್ತೆ ಬರಲಾಗಲಿಲ್ಲ. ಅವರಲ್ಲಿ ಭಾವನವರ ಸ್ವಂತ ಅತ್ತೆಯೂ ಒಬ್ಬರು. ಅವರ ಮನೆಗೆ ಹೋಗಿ, ತಪ್ಪು ಲೆಕ್ಕ ಹೇಳಿದವನು ನಾನೇ ಎಂದು ಒಪ್ಪಿಕೊಂಡು ಬಂದೆ.

ಹುಡುಗ ಈಗಲೂ ದುಬೈನಲ್ಲೇ ಇದ್ದಾನೆ, ವರ್ಷಕ್ಕೊಮ್ಮೆ ಬರುತ್ತಾನೆ. ವಿಮಾನ ಎಷ್ಟು ಹೊತ್ತಿಗೆ ಎಂದು ಅಕ್ಕ ಈಗ ಕೇಳುವುದಿಲ್ಲ. ದೇವನಹಳ್ಳಿಯಿಂದ ಅವನ ಫೋನು ಬಂದಾಗ ಒಂದೇ ಮಾತು: "ಪೆಟ್ಟಿಗೆ ಕೈಗೆ ಬಂತೇನಪ್ಪ?" ಬಂತು ಎಂದರೆ ಗಡಿಯಾರ ನೋಡುತ್ತಾಳೆ. ನಾಲ್ಕು ಗಂಟೆ ಕಳೆದ ಮೇಲೆ ಎದ್ದು ಅಕ್ಕಿ ತೊಳೆಯುತ್ತಾಳೆ.